ಹತ್ತು ಜನರೆದುರು ಇಟ್ಟ ಚಿತ್ರ

ಛಾಯಾಚಿತ್ರ ತೆಗೆಯುವವರಿಗೆ ಈಗಿನ ಕಾಲದಲ್ಲಿ ಕೊರತೆಯೇನೂ ಇಲ್ಲ. ಮದುವೆಯ ಮಂಟಪದಲ್ಲಿ, ದೇವರ ಉತ್ಸವದಲ್ಲಿ, ಬೆಟ್ಟದ ತುದಿಯಲ್ಲಿ, ಆಸ್ಪತ್ರೆಯ ತೊಟ್ಟಿಲ ಬಳಿಯಲ್ಲಿ ಕೂಡ ಎತ್ತಿ ಹಿಡಿದ ಮೊಬೈಲುಗಳೇ ಕಾಣುತ್ತವೆ. ಕೊರತೆ ಬಿದ್ದಿರುವುದು ನೋಡುವವರಿಗೆ. ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು, ಬೆಳಕು ಯಾವ ಕಡೆಯಿಂದ ಬಂದಿತು, ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎತ್ತ ಹರಿಯಿತು, ಚೌಕಟ್ಟಿನ ಯಾವ ಅಂಚಿನಲ್ಲಿ ಎಡವಿತು ಎಂದು ಸಾವಧಾನವಾಗಿ ವಿಚಾರಿಸಿ, ಕಂಡದ್ದನ್ನು ಹತ್ತು ಜನರ ಮುಂದೆ ಸ್ಪಷ್ಟವಾದ ಮಾತಿನಲ್ಲಿ ಹೇಳಬಲ್ಲ ನೋಡುಗರು, ಚಿತ್ರಗಳ ಸಂಖ್ಯೆ ಬೆಳೆದಷ್ಟೂ ವಿರಳರಾಗುತ್ತಿದ್ದಾರೆ. ಹವ್ಯಾಸಿ ಛಾಯಾಗ್ರಾಹಕರ ಸಂಘಗಳೂ ಅವು ನಡೆಸುವ ಮಾಸಿಕ ಸ್ಪರ್ಧೆಗಳೂ ಹಿಂದೆಂದಿಗಿಂತ ಹೆಚ್ಚಾಗಿ ಇಂದು ನಮಗೆ ಬೇಕಾಗಿರುವುದು ಈ ಕಾರಣದಿಂದಲೇ ಎಂಬುದು ನನ್ನ ದೃಢವಾದ ನಂಬಿಕೆ.

ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ೧೯೭೧ರಲ್ಲಿ ಕೆಲವರು ಉತ್ಸಾಹಿ ತರುಣರಿಂದ ಆರಂಭವಾದದ್ದು; ನೃಪತುಂಗ ರಸ್ತೆಯ ರಾಜ್ಯ ಯುವಕೇಂದ್ರವು ಅದರ ಸಭೆಗಳ ಸ್ಥಳವೆಂದು ನಗರದ ಛಾಯಾಗ್ರಾಹಕರಿಗೆ ಪರಿಚಿತವಾಗಿದೆ. ಇಂಥ ಸಂಘಗಳ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರೆ, ಬ್ಯಾಂಕಿನ ಗುಮಾಸ್ತರು, ವೈದ್ಯರು, ಎಂಜಿನಿಯರುಗಳು, ನಿವೃತ್ತ ಉಪಾಧ್ಯಾಯರು, ಕಾಲೇಜಿನ ಹುಡುಗ ಹುಡುಗಿಯರು ಒಂದೇ ಪರದೆಯನ್ನು ನೋಡುತ್ತ ಕುಳಿತಿರುವುದು ಕಾಣುತ್ತದೆ. ಇವರಲ್ಲಿ ಬಹುಮಂದಿಗೆ ಕ್ಯಾಮೆರಾ ಅನ್ನ ಕೊಡುವ ಸಾಧನವಲ್ಲ. ಅನ್ನಕ್ಕಾಗಿ ದುಡಿದು ಉಳಿದ ಹೊತ್ತನ್ನೂ ಹಣವನ್ನೂ ಅದಕ್ಕೆ ಅರ್ಪಿಸಿದವರು ಅವರು. ಅನುಭವಿಗಳ ಉಪನ್ಯಾಸ, ಹೊಸಬರಿಗೆ ತರಗತಿ, ಭಾನುವಾರದ ಬೆಳಗ್ಗೆ ಲಾಲ್‌ಬಾಗಿಗೋ ಹೂವಿನ ಮಾರುಕಟ್ಟೆಗೋ ಒಟ್ಟಾಗಿ ಹೋಗಿ ಬರುವುದು, ವರ್ಷಕ್ಕೊಮ್ಮೆ ಸದಸ್ಯರ ಚಿತ್ರಗಳ ಪ್ರದರ್ಶನ: ಇವೆಲ್ಲವೂ ಇಂಥ ಸಂಘಗಳಲ್ಲಿ ನಡೆಯುತ್ತವೆ. ಆದರೆ ಇವುಗಳಿಗೆಲ್ಲ ಜೀವವಾಗಿರುವುದು ಮಾಸಿಕ ಸ್ಪರ್ಧೆ. ಉಪನ್ಯಾಸದ ದಿನ ಅರ್ಧ ತುಂಬುವ ಕೋಣೆ, ಸ್ಪರ್ಧೆಯ ಸಂಜೆ ಬಾಗಿಲವರೆಗೆ ತುಂಬಿರುತ್ತದೆ.

ಸ್ಪರ್ಧೆಯ ಕ್ರಮ ಸಂಘದಿಂದ ಸಂಘಕ್ಕೆ ಅಷ್ಟಿಷ್ಟು ವ್ಯತ್ಯಾಸವಾಗುವುದಾದರೂ ಮುಖ್ಯ ಪದ್ಧತಿ ಎಲ್ಲ ಕಡೆಯೂ ಒಂದೇ ತೆರನಾದದ್ದು. ತಿಂಗಳ ಗೊತ್ತಾದ ದಿನದೊಳಗೆ ಸದಸ್ಯರು ತಮ್ಮ ಚಿತ್ರಗಳನ್ನು ಕಾರ್ಯದರ್ಶಿಗೆ ಒಪ್ಪಿಸಬೇಕು. ಪ್ರಿಂಟಾದರೆ ರಟ್ಟಿಗೆ ಅಂಟಿಸಿ ಹಿಂಬದಿಯಲ್ಲಿ ಶೀರ್ಷಿಕೆ ಬರೆದು ಕೊಡುವುದು. ಡಿಜಿಟಲ್ ಪ್ರತಿಯಾದರೆ ಪರದೆಯ ಅಳತೆಗೆ, ಎಂದರೆ ಸಾಮಾನ್ಯವಾಗಿ ಅಗಲ ೧೯೨೦, ಎತ್ತರ ೧೦೮೦ ಪಿಕ್ಸೆಲ್ಲಿನೊಳಗೆ ಅಡಗುವಂತೆ ಇಳಿಸಿ ಕಳುಹಿಸುವುದು. ಒಬ್ಬರಿಗೆ ಇಂತಿಷ್ಟೇ ಚಿತ್ರವೆಂಬ ಮಿತಿಯುಂಟು. ಕಪ್ಪು-ಬಿಳುಪು, ವರ್ಣ, ನಿಸರ್ಗ ಮೊದಲಾದ ವಿಭಾಗಗಳುಂಟು. ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರದ ಮೇಲೆ ತೆಗೆದವರ ಹೆಸರಾಗಲಿ ಮುದ್ರೆಯಾಗಲಿ ಇರಕೂಡದು. ಈ ನಿಯಮವೊಂದನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ನಮ್ಮ ಸಮಾಜದಲ್ಲಿ ಹಿರಿಯನ ಮಾತು, ಅಧಿಕಾರಿಯ ಮಾತು, ಹಣವಂತನ ಮಾತು ಎಂದು ಮೊದಲು ತಿಳಿದುಕೊಂಡು ಆಮೇಲೆ ಮಾತಿಗೆ ಬೆಲೆ ಕಟ್ಟುವ ರೂಢಿ ಇದೆ. ಇಲ್ಲಿಯಾದರೋ ಲಕ್ಷಗಟ್ಟಲೆ ಬೆಲೆಯ ಮಸೂರವುಳ್ಳವರ ಚಿತ್ರವೂ, ಅಣ್ಣನ ಹಳೆಯ ಕ್ಯಾಮೆರಾವನ್ನು ಎರವಲು ತಂದ ಹುಡುಗಿಯ ಚಿತ್ರವೂ ಒಂದರ ಪಕ್ಕದಲ್ಲಿ ಒಂದು ಅನಾಮಧೇಯವಾಗಿ ನಿಂತು ತಮ್ಮ ತಮ್ಮ ಗುಣದಿಂದಲೇ ಮಾತನಾಡಬೇಕು.

ತೀರ್ಪುಗಾರರನ್ನು ಬಹುವಾಗಿ ಹೊರಗಿನಿಂದ ಕರೆಸುತ್ತಾರೆ. ಅವರು ಮೊದಲು ಎಲ್ಲ ಚಿತ್ರಗಳನ್ನೂ ಒಂದರ ಹಿಂದೆ ಒಂದರಂತೆ ಶೀಘ್ರವಾಗಿ ನೋಡಿಬಿಡುತ್ತಾರೆ. ಒಟ್ಟು ಮಟ್ಟ ಎಷ್ಟರದೆಂದು ಕಣ್ಣಿಗೆ ಅಂದಾಜಾದ ಮೇಲೆ ಎರಡನೆಯ ಸುತ್ತಿನಲ್ಲಿ ಅಂಕ ಕೊಡುತ್ತಾರೆ. ತಿಂಗಳ ಅಂಕಗಳನ್ನು ಕೂಡಿಸಿ ವರ್ಷದ ಕೊನೆಗೆ ಶ್ರೇಷ್ಠ ಛಾಯಾಗ್ರಾಹಕರನ್ನು ಗೊತ್ತುಮಾಡುವ ಪದ್ಧತಿಯೂ ಹಲವೆಡೆ ಉಂಟು. ಇದಿಷ್ಟೇ ಆಗಿದ್ದರೆ ಮಾಸಿಕ ಸ್ಪರ್ಧೆಯನ್ನು ಕುರಿತು ಇಷ್ಟು ಬರೆಯಬೇಕಾದ ಅಗತ್ಯವಿರಲಿಲ್ಲ. ಅಂಕಗಳಾದ ಮೇಲೆ ಬರುವ ವಿಮರ್ಶೆಯ ಹೊತ್ತೇ ಅದರ ಸಾರ.

ಅಂಥ ಒಂದು ಸಂಜೆಯ ಮಾತು ನನಗೆ ಚೆನ್ನಾಗಿ ನೆನಪಿದೆ. ಈಸಲಿನ ಮೇಲೆ, ಓರೆಯಾಗಿ ಬಿದ್ದ ದೀಪದ ಬೆಳಕಿನಲ್ಲಿ, ಒಂದು ಕಪ್ಪು-ಬಿಳುಪು ಪ್ರಿಂಟನ್ನು ಇಟ್ಟಿದ್ದರು. ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ನೆಲದ ಮೇಲೆ ಕುಳಿತು ಹೂ ಕಟ್ಟುತ್ತಿರುವ ಮುದುಕಿ. ಮೇಲಿನ ಕಿಂಡಿಯೊಂದರಿಂದ ಇಳಿದ ಬಿಸಿಲಕೋಲು ಆಕೆಯ ಬೆರಳುಗಳನ್ನೂ ಮಡಿಲಿನ ಮಲ್ಲಿಗೆಯ ರಾಶಿಯನ್ನೂ ಬೆಳಗಿಸಿತ್ತು. ಬಲಗಡೆಯ ಮೇಲಿನ ಮೂಲೆಯಲ್ಲಿ, ಯಾರೋ ತಂದಿಟ್ಟು ಹೋದ ಒಂದು ಬಿಳಿಯ ಚೀಲ. ತೀರ್ಪುಗಾರರು ವಯಸ್ಸಾದವರು, ಕೈಚೀಲದಿಂದ ಎಲ್ ಅಕ್ಷರದ ಆಕಾರಕ್ಕೆ ಕತ್ತರಿಸಿದ ಎರಡು ಕಪ್ಪು ರಟ್ಟುಗಳನ್ನು ತೆಗೆದುಕೊಂಡು ಎದ್ದು ಬಂದರು. "ತೆಗೆದವರು ಯಾರೋ ನನಗೆ ಗೊತ್ತಿಲ್ಲ, ಬೇಸರ ಮಾಡ್ಕೋಬೇಡಿ. ನಾರು ಎಳೆದು ಗಂಟು ಹಾಕೋ ಗಳಿಗೆ ನಿಮಗೆ ಸರಿಯಾಗಿ ಸಿಕ್ಕಿದೆ. ಆದರೆ ನನ್ನ ಕಣ್ಣು ಆ ಬೆರಳಿನ ಹತ್ತಿರ ನಿಲ್ಲೋದಿಲ್ಲ, ಮೇಲೆ ಆ ಚೀಲಕ್ಕೆ ಓಡಿ ಹೋಗುತ್ತೆ" ಎಂದು ಹೇಳಿ, ರಟ್ಟುಗಳನ್ನು ಚಿತ್ರದ ಮೇಲಿಟ್ಟು ಮೆಲ್ಲಗೆ ಒಳಕ್ಕೆ ಸರಿಸಿದರು. ಚೀಲ ಮರೆಯಾಯಿತು. ಅದರೊಡನೆ ಬಿಸಿಲಕೋಲಿನ ಮೇಲ್ಭಾಗವೂ ಮರೆಯಾಗಿ, ಬೆಳಕು ಎಲ್ಲಿಂದ ಬಂದಿತೆಂಬುದೇ ತಿಳಿಯದಂತಾಯಿತು. ಅವರು ರಟ್ಟುಗಳನ್ನು ಮತ್ತೆ ಹಿಂದಕ್ಕೆಳೆದರು. "ನೋಡಿದಿರಾ, ಕತ್ತರಿಸಿದರೆ ಬೆಳಕೂ ಹೋಗುತ್ತೆ. ಆ ಹೊತ್ತಿನಲ್ಲೇ ಎಡಕ್ಕೆ ಒಂದು ಹೆಜ್ಜೆ ಇಟ್ಟಿದ್ದರೆ ಚೀಲ ಅಜ್ಜಿಯ ಹಿಂದೆ ಮುಚ್ಚಿಹೋಗ್ತಿತ್ತು."

ಸಭೆಯ ನಡುವಿನಿಂದ ಒಬ್ಬರು ಎದ್ದು, "ಸಾರ್, ಅದು ಮಾರ್ಕೆಟ್ಟು. ಮಾರ್ಕೆಟ್ಟಿನಲ್ಲಿ ಚೀಲ ಇರಲೇಬೇಕಲ್ಲ, ಅದನ್ನು ತೆಗೆದರೆ ಅಜ್ಜಿ ಎಲ್ಲಿ ಕೂತಿದ್ದಾಳೆ ಅನ್ನೋದೇ ಹೋಗುತ್ತೆ" ಎಂದರು. ಹಿರಿಯರು ಆ ಮಾತನ್ನು ತಳ್ಳಿಹಾಕಲಿಲ್ಲ. ಚೀಲ ಇರಬಾರದೆಂದು ತಾವು ಹೇಳಲಿಲ್ಲವೆಂದೂ, ಅದು ಆಕೆಯ ಬೆರಳಿಗಿಂತ ಬೆಳ್ಳಗಾಗಬಾರದೆಂದು ಮಾತ್ರ ತಮ್ಮ ಅಭಿಪ್ರಾಯವೆಂದೂ, ಪ್ರಿಂಟಿನಲ್ಲಿ ಆ ಮೂಲೆಯನ್ನು ಸ್ವಲ್ಪ ಕಪ್ಪಾಗಿಸಿದರೆ ಮಾರುಕಟ್ಟೆಯೂ ಉಳಿದು ಬೆರಳೂ ಮುಂದೆ ಬರುವುದೆಂದೂ ಉತ್ತರ ಕೊಟ್ಟರು. ಪರಸ್ಪರ ವಿರುದ್ಧವಾಗಿ ಕಾಣುತ್ತಿದ್ದ ಎರಡು ಮಾತುಗಳು, ಚಿತ್ರವನ್ನೇ ಎದುರಿಗಿಟ್ಟುಕೊಂಡು ಆಡಿದ್ದರಿಂದ, ಒಂದು ಪರಿಹಾರಕ್ಕೆ ಬಂದು ನಿಂತವು. ಆ ಪ್ರಿಂಟಿಗೆ ಬಹುಮಾನ ಬರಲಿಲ್ಲ; ಅಂಕವೂ ಮಧ್ಯಮವಾದದ್ದೇ. ಆದರೆ ಆ ಸಂಜೆ ಅಲ್ಲಿದ್ದವರು ಬಹುಮಾನ ಪಡೆದ ಚಿತ್ರದಿಂದ ಕಲಿತದ್ದಕ್ಕಿಂತ ಇದರಿಂದ ಕಲಿತದ್ದು ಹೆಚ್ಚು. ಆದುದರಿಂದ ಹೊತ್ತಾಯಿತೆಂಬ ನೆಪದಲ್ಲಿ ವಿಮರ್ಶೆಯನ್ನು ಮೊಟಕುಮಾಡಿ ಫಲಿತಾಂಶವನ್ನು ಓದಿಬಿಡುವ ಸಂಘಗಳನ್ನು ಕಂಡರೆ ನನಗೆ ಬಹಳ ವ್ಯಥೆಯಾಗುತ್ತದೆ. ಅಂಕವು ಚಿತ್ರ ಎಷ್ಟನೆಯದೆಂದು ಹೇಳೀತು, ಏಕೆಂದು ಹೇಳಲಾರದು.

ಸ್ಪರ್ಧೆಯಲ್ಲಿ ಮುಕ್ತ ವಿಷಯವೆಂದೂ ನಿಯತ ವಿಷಯವೆಂದೂ ಎರಡು ಬಗೆಯುಂಟು. ಮುಕ್ತ ವಿಷಯದಲ್ಲಿ ಚಿತ್ರಗಳು ಹೆಚ್ಚು ಚೆಲುವಾಗಿರುತ್ತವೆ. ಪ್ರತಿಯೊಬ್ಬನೂ ತನಗೆ ಕರಗತವಾದದ್ದನ್ನೇ ತರುವುದರಿಂದ ಅದು ಸಹಜ. ಆದರೂ ನನ್ನ ಪಕ್ಷಪಾತ ನಿಯತ ವಿಷಯದ ಕಡೆಗೆ. 'ಕೈಗಳು' ಎಂದು ವಿಷಯ ಕೊಟ್ಟ ತಿಂಗಳನ್ನು ಊಹಿಸಿ. ಮಿಂಚುಳ್ಳಿ ಮತ್ತು ಹದ್ದುಗಳ ಬೆನ್ನುಹತ್ತಿ ಕೆರೆಯಂಚಿನಲ್ಲಿ ಕಾಲ ಕಳೆದ ಸದಸ್ಯನು ಉದ್ದನೆಯ ಮಸೂರವನ್ನು ಪೆಟ್ಟಿಗೆಯಲ್ಲಿಟ್ಟು, ತನ್ನ ಮನೆಯ ಅಡಿಗೆಮನೆಯಲ್ಲಿಯೇ ತಾಯಿ ಬಿಸಿಬಿಸಿಯ ರಾಗಿಹಿಟ್ಟನ್ನು ಒದ್ದೆ ಕೈಯಿಂದ ಹೊರಳಿಸಿ ಮುದ್ದೆ ಕಟ್ಟುವುದನ್ನು ಮೊದಲ ಬಾರಿಗೆ ಗಮನವಿಟ್ಟು ನೋಡಬೇಕಾಗುತ್ತದೆ. ಒಲೆಯ ಕಡೆಯ ಕಿಟಕಿಯಿಂದ ಬೆಳಕು ಎಷ್ಟು ಹೊತ್ತಿಗೆ ಬರುತ್ತದೆ, ಹಬೆ ಕಾಣಬೇಕಾದರೆ ಹಿಂದೆ ಕತ್ತಲಿರಬೇಕೇ, ಕೈ ಚಲಿಸುವಾಗ ಷಟರಿನ ವೇಗ ಎಷ್ಟಿರಬೇಕು ಎಂಬ ಪ್ರಶ್ನೆಗಳೆಲ್ಲ ಹೊಸದಾಗಿ ಹುಟ್ಟುತ್ತವೆ. ಸೆಕೆಂಡಿನ ೨೫೦ನೆಯ ಒಂದು ಭಾಗದಲ್ಲಿ ಕೈ ನಿಂತುಬಿಡುತ್ತದೆ. ೧೫ನೆಯ ಒಂದು ಭಾಗದಲ್ಲಿ ಬೆರಳು ಕದಡಿ ಮುದ್ದೆ ಮಾತ್ರ ಸ್ಥಿರವಾಗಿ ಉಳಿಯಬಹುದು. ಇವೆರಡರಲ್ಲಿ ಯಾವುದು ಆ ಕೆಲಸದ ನಿಜವನ್ನು ಹೇಳುತ್ತದೆಂದು ಆತನೇ ನಿರ್ಧರಿಸಬೇಕು.

ಈ ಬಗೆಯ ಕೂಟಗಳ ವಂಶಾವಳಿ ದೀರ್ಘವಾದದ್ದು. ೧೮೩೯ರಲ್ಲಿ ಪ್ಯಾರಿಸ್ಸಿನಲ್ಲಿ ಛಾಯಾಗ್ರಹಣದ ವಿಧಾನವನ್ನು ಲೋಕಕ್ಕೆ ಪ್ರಕಟಿಸಿದ ಮೇಲೆ, ೧೮೫೩ರಲ್ಲಿ ಲಂಡನ್ನಿನಲ್ಲಿ ಮುಂದೆ ರಾಯಲ್ ಎಂಬ ಬಿರುದು ಪಡೆದ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಅದಾದ ಮರುವರ್ಷವೇ ಮುಂಬಯಿಯಲ್ಲಿ, ೧೮೫೬ರಲ್ಲಿ ಕಲ್ಕತ್ತೆ ಮತ್ತು ಮದರಾಸುಗಳಲ್ಲಿ ಸೊಸೈಟಿಗಳು ತಲೆಯೆತ್ತಿದವೆಂದರೆ, ಈ ಕಲೆ ನಮ್ಮ ದೇಶಕ್ಕೆ ತಡಮಾಡಿ ಬಂದದ್ದಲ್ಲವೆಂಬುದು ಸ್ಪಷ್ಟ. ಬೆಂಗಳೂರಿನಲ್ಲಿ ೧೯೩೦ರ ದಶಕದಲ್ಲಿ ಸ್ಥಾಪಿತವಾದ ಮೈಸೂರು ಫೋಟೋಗ್ರಾಫಿಕ್ ಸೊಸೈಟಿ ಇಲ್ಲಿಯ ಪರಂಪರೆಗೆ ತಳಹದಿ ಹಾಕಿತು. ದೇಶದ ಸಂಘಗಳನ್ನೆಲ್ಲ ಒಂದುಗೂಡಿಸುವ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ ೧೯೫೩ರಲ್ಲಿ ರೂಪುಗೊಂಡಾಗ ಅದರ ಭಾರವನ್ನು ಹೊತ್ತವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಪ್ರಮುಖರು; ಭಾರತದ ಛಾಯಾಗ್ರಹಣದ ಇತಿಹಾಸವನ್ನು ಪುಸ್ತಕವಾಗಿ ಬರೆದವರೂ ಅವರೇ. ಹಿರಿಯ ಛಾಯಾಗ್ರಾಹಕ ಓ. ಸಿ. ಎಡ್ವರ್ಡ್ಸ್ ಅವರಿಂದ ಕಲಿತ ಟಿ. ಎನ್. ಎ. ಪೆರುಮಾಳ್, ವನ್ಯಜೀವಿಗಳ ಚಿತ್ರಕ್ಕೆ ಹೆಸರಾದ ಇ. ಹನುಮಂತರಾವ್, ಸಂಡೂರಿನ ರಾಜಮನೆತನದವರೂ ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಎಂ. ವೈ. ಘೋರ್ಪಡೆ: ಇವರೆಲ್ಲರೂ ಸ್ಪರ್ಧೆಗಳ ಮತ್ತು ಸಲೋನುಗಳೆಂಬ ಆಯ್ದ ಚಿತ್ರಗಳ ಪ್ರದರ್ಶನಗಳ ಗರಡಿಯಲ್ಲಿ ಬೆಳೆದವರು. ಪೆರುಮಾಳ್ ಮತ್ತು ಘೋರ್ಪಡೆಯವರಿಗೆ ಅಂತರರಾಷ್ಟ್ರೀಯ ಛಾಯಾಚಿತ್ರ ಕಲಾ ಒಕ್ಕೂಟದ ಮಾಸ್ಟರ್ ಪದವಿ ದೊರೆಯಿತು. ಎಲ್ಲರಿಗೂ ಸಂಘ ಬೇಕೆಂದು ನಾನು ಹೇಳುವುದಿಲ್ಲ. ಪತ್ರಿಕಾ ಛಾಯಾಗ್ರಹಣದಲ್ಲಿ ಸಾಮಾನ್ಯ ಜನರ ಬದುಕನ್ನು ಅಷ್ಟು ಪ್ರೀತಿಯಿಂದ ಕಂಡ ಟಿ. ಎಸ್. ಸತ್ಯನ್ ಅವರನ್ನು ರೂಪಿಸಿದ್ದು ವೃತ್ತಿಯ ಓಡಾಟ. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳನ್ನು ಸೆರೆಹಿಡಿದ ಪೂರ್ಣಚಂದ್ರ ತೇಜಸ್ವಿಯವರಿಗೆ ಕಾಡೇ ವಿಮರ್ಶಕನಾಗಿತ್ತು. ಆದರೆ ಅಂಥ ಸ್ವಯಂಪೂರ್ಣ ದೃಷ್ಟಿ ಎಲ್ಲರಿಗೂ ದಕ್ಕತಕ್ಕದ್ದಲ್ಲ. ಉಳಿದವರಿಗೆ ಜೊತೆಯವರು ಬೇಕು.

ಫಿಲ್ಮಿನ ಕಾಲದಲ್ಲಿ ಈ ಜೊತೆಗಾರಿಕೆ ಕತ್ತಲೆಕೋಣೆಯಿಂದಲೇ ಆರಂಭವಾಗುತ್ತಿದ್ದಿತು. ಕೆಂಪುದೀಪದ ಮಂದ ಬೆಳಕಿನಲ್ಲಿ ಹಿಗ್ಗಿಸುವ ಯಂತ್ರದ ಕೆಳಗೆ ಬ್ರೋಮೈಡ್ ಕಾಗದವನ್ನಿಟ್ಟು, ಮುಖದ ಭಾಗಕ್ಕೆ ಬೆಳಕು ಹೆಚ್ಚು ಬೀಳದಂತೆ ತಂತಿಯ ತುದಿಗೆ ಸಿಕ್ಕಿಸಿದ ಸಣ್ಣ ರಟ್ಟನ್ನು ಅಲುಗಾಡಿಸುತ್ತ ತಡೆದು, ಆಕಾಶಕ್ಕೆ ಮಾತ್ರ ಇನ್ನೂ ಕೆಲವು ಸೆಕೆಂಡು ಬೆಳಕು ಕೊಟ್ಟು, ಕಾಗದವನ್ನು ಡೆವಲಪರಿನ ತಟ್ಟೆಗೆ ಇಳಿಸಿದರೆ, ಬೆಳಗಿನ ಮಂಜು ಕರಗಿ ಊರು ಕಾಣಿಸಿಕೊಳ್ಳುವಂತೆ ಚಿತ್ರ ಮೇಲೇಳುತ್ತಿದ್ದಿತು. ಬಳಿಕ ಅದನ್ನು ಸ್ಥಿರಗೊಳಿಸುವ ಹೈಪೋ. ಬೆಳ್ಳಿಯ ಲವಣಗಳನ್ನು ಕರಗಿಸುವ ಅದರ ಗುಣವನ್ನು ೧೮೧೯ರಲ್ಲಿ, ಛಾಯಾಗ್ರಹಣ ಇನ್ನೂ ಪ್ರಕಟವಾಗದಿದ್ದಾಗಲೇ, ಜಾನ್ ಹರ್ಷೆಲ್ ಕಂಡುಕೊಂಡಿದ್ದರು. ಸಲೋನಿಗೆ ಕಳುಹಿಸುವ ಪ್ರಿಂಟು ೧೨ ಅಂಗುಲ ಅಗಲ, ೧೫ ಅಂಗುಲ ಉದ್ದವಿರುವುದು ವಾಡಿಕೆ. ಅಷ್ಟು ದೊಡ್ಡ ಕಾಗದ ದುಬಾರಿಯಾದ್ದರಿಂದ ಒಂದನ್ನು ಕೆಡಿಸುವ ಮೊದಲು ಅದೇ ಕಾಗದದ ಪಟ್ಟಿಯೊಂದರ ಮೇಲೆ ಪರೀಕ್ಷಿಸುತ್ತಿದ್ದರು. ಇಂದು ಇದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ, ಸಾಧನಗಳು ಹಳೆಯ ಹೆಸರುಗಳನ್ನೇ ಇಟ್ಟುಕೊಂಡಿವೆ. ಹೋಗಿರುವುದು ಹಿರಿಯನ ಪಕ್ಕದಲ್ಲಿ ನಿಂತು ಆತನ ಕೈಯಾಟವನ್ನು ನೋಡುವ ಅವಕಾಶ. ಕೆಲವು ಸಂಘಗಳು ಒಂದೇ ಕಡತವನ್ನು ಸದಸ್ಯರಿಗೆಲ್ಲ ಹಂಚಿ, ಒಬ್ಬೊಬ್ಬರು ಅದನ್ನು ಹೇಗೆ ತಿದ್ದಿದರೆಂದು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಅಭ್ಯಾಸ ಮಾಡಿಸುತ್ತವೆ. ಇದು ಬಹಳ ಒಳ್ಳೆಯ ಉಪಾಯ.

ನಿಸರ್ಗ ವಿಭಾಗದ ವಿಷಯವೇ ಬೇರೆ. ಇಲ್ಲಿ ಸೌಂದರ್ಯಕ್ಕೆ ಮುಂಚೆ ಸತ್ಯ ಬರುತ್ತದೆ. ಅಂತರರಾಷ್ಟ್ರೀಯ ಒಕ್ಕೂಟವೂ ಅಮೆರಿಕದ ಮತ್ತು ಬ್ರಿಟನ್ನಿನ ಸೊಸೈಟಿಗಳೂ ಕೂಡಿ ಒಪ್ಪಿಕೊಂಡಿರುವ ವ್ಯಾಖ್ಯೆಯ ಪ್ರಕಾರ ಚಿತ್ರದೊಳಕ್ಕೆ ಏನನ್ನೂ ಸೇರಿಸಕೂಡದು. ಅಂಚನ್ನು ಕತ್ತರಿಸಬಹುದೇ ಹೊರತು ಒಳಗಿನದನ್ನು ಅಳಿಸಕೂಡದು. ಸಾಕಿದ ಪ್ರಾಣಿ, ಬೆಳೆಸಿದ ಗಿಡ, ಹೊಟ್ಟೆಗೆ ಹುಲ್ಲು ತುಂಬಿದ ಮೃಗಗಳು ಸಲ್ಲವು. ಮನುಷ್ಯನ ಕೈಕೆಲಸವೂ ಕಾಣಬಾರದು. ಆದರೆ ಮನುಷ್ಯನು ಮಾರ್ಪಡಿಸಿದ ಪರಿಸರಕ್ಕೆ ಹೊಂದಿಕೊಂಡ ಜೀವಿಗಳಿಗೆ ವಿನಾಯಿತಿಯುಂಟು, ಮತ್ತು ಅದಕ್ಕೆ ಉದಾಹರಣೆಯಾಗಿ ಆ ವ್ಯಾಖ್ಯೆಯ ಹಿಂದಿನ ರೂಪ ಹೆಸರಿಸುತ್ತಿದ್ದುದು ಕಣಜದ ಗೂಬೆಯನ್ನೂ ಕೊಕ್ಕರೆಯನ್ನೂ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿಬಂದ ಸಂಘದವರಿಗೆ ಈ ವಿನಾಯಿತಿಯ ಅರ್ಥ ವಿವರಿಸಬೇಕಾಗಿಲ್ಲ. ಅಲ್ಲಿ ಮನೆಗಳ ನಡುವಣ ಹುಣಿಸೆಮರದಲ್ಲಿ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಗೂಡು ಕಟ್ಟುತ್ತವೆ. ಕೆಳಗೆ ಹಟ್ಟಿಯ ಮುಂದೆ ಹೆಂಗಸರು ರಂಗವಲ್ಲಿ ಹಾಕುತ್ತಿರುತ್ತಾರೆ, ಮೇಲೆ ಮರಿಗಳು ತಾಯಿಯ ಗಂಟಲಿನೊಳಕ್ಕೆ ಕೊಕ್ಕು ತೂರಿಸಿ ಮೀನು ಕಸಿಯುತ್ತಿರುತ್ತವೆ. ಹೆಂಚಿನ ಮಾಡು ಚಿತ್ರದೊಳಗೆ ಬಂದರೆ ಅದು ದೋಷವಲ್ಲ, ಅದೇ ಕಥೆ.

ಗೂಡಿನ ಚಿತ್ರಗಳ ವಿಚಾರದಲ್ಲಿ ಮಾತ್ರ ನಮ್ಮ ಸಂಘಗಳು ಹಿರಿಯರ ಹಾದಿಯನ್ನು ಬಿಟ್ಟು ಬೇರೆ ಹಾದಿ ಹಿಡಿದಿವೆ. ಅದು ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಉದ್ದ ಮಸೂರಗಳು ದುರ್ಲಭವಾಗಿದ್ದ ಆ ಕಾಲದಲ್ಲಿ, ಹಕ್ಕಿ ತಪ್ಪದೆ ಹಿಂದಿರುಗುವ ಸ್ಥಳ ಗೂಡೊಂದೇ ಆದ್ದರಿಂದ, ಹತ್ತಿರದಲ್ಲಿ ಮರೆಕಟ್ಟಿ ಗಂಟೆಗಟ್ಟಲೆ ಕಾದು ಚಿತ್ರ ತೆಗೆಯುವುದು ಲೋಕದಾದ್ಯಂತ ರೂಢಿಯಾಗಿದ್ದಿತು. ಆ ತಲೆಮಾರಿನವರ ತಾಳ್ಮೆಯೂ ಪ್ರಾಣಿಪ್ರೇಮವೂ ಸಂದೇಹಾತೀತವಾದವು. ಆದರೆ ಬೆರಳೆಣಿಕೆಯ ಮಂದಿ ಎಚ್ಚರದಿಂದ ಮಾಡುತ್ತಿದ್ದುದನ್ನು ಸಾವಿರಾರು ಮಂದಿ ಅವಸರದಿಂದ ಮಾಡತೊಡಗಿದಾಗ, ಎಲೆ ರೆಂಬೆಗಳನ್ನು ಸರಿಸಿದ್ದರಿಂದ ಮೊಟ್ಟೆಗಳು ಬಿಸಿಲಿಗೂ ಕಾಗೆಗೂ ತೆರೆದುಬೀಳುತ್ತವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಗೂಡನ್ನೂ ಮೊಟ್ಟೆಯನ್ನೂ ಕದಡುವುದನ್ನು ಬೇಟೆಯೆಂಬ ಮಾತಿನೊಳಗೇ ಸೇರಿಸಿದೆಯೆಂಬುದನ್ನು ಕ್ಯಾಮೆರಾ ಹಿಡಿದ ಪ್ರತಿಯೊಬ್ಬರೂ ತಿಳಿದಿರಬೇಕು. ಆದುದರಿಂದ ಈಗ ನಮ್ಮಲ್ಲಿ ಅನೇಕ ಸಂಘಗಳು ಗೂಡಿನ ಚಿತ್ರಗಳನ್ನು ಸ್ಪರ್ಧೆಗೆ ಸ್ವೀಕರಿಸುವುದಿಲ್ಲ. ಬಹುಮಾನದ ಆಸೆಯನ್ನು ಕಡಿದುಹಾಕಿದರೆ ಹಕ್ಕಿಯನ್ನು ಬಾಧಿಸುವ ಆಸೆಯೂ ಬಹುಪಾಲು ಕಡಿಯುತ್ತದೆ. ಅರಣ್ಯ ಇಲಾಖೆಯ ಫಲಕಗಳಿಂದ ಆಗದ ಕೆಲಸ ಒಂದು ಸ್ಪರ್ಧೆಯ ನಿಯಮದಿಂದ ಆಗುವುದುಂಟು.

ಸ್ಪರ್ಧೆಗೆ ತನ್ನದೇ ಆದ ಅಪಾಯಗಳೂ ಇವೆ. ತುಳುನಾಡಿನ ಕಂಬಳದ ಚಿತ್ರವನ್ನೇ ನೋಡಿ: ಕೆಸರುನೀರನ್ನು ಬೀಸಣಿಗೆಯಾಗಿ ಎರಚುತ್ತ ಕೋಣಗಳು ಕ್ಯಾಮೆರಾದ ಎದುರಿಗೇ ನುಗ್ಗಿಬರುವ, ಹಿಂದೆ ಓಟಗಾರನ ಮೈಯ ಸ್ನಾಯುವೆಲ್ಲ ಬಿಗಿದಿರುವ ಆ ದೃಶ್ಯಕ್ಕೆ ಮೊದಲ ಬಾರಿ ಪದಕ ಕೊಟ್ಟವರು ಸರಿಯಾಗಿಯೇ ಕೊಟ್ಟರು. ಆದರೆ ಪದಕ ಬಂದದ್ದನ್ನು ಕಂಡು ಅದೇ ಕೋನ, ಅದೇ ಗಳಿಗೆ, ಅದೇ ಚೌಕಟ್ಟನ್ನು ಹುಡುಕಿಕೊಂಡು ಹೋಗುವವರ ಸಾಲು ಬೆಳೆದು, ಗದ್ದೆಯ ಅಂಚಿನಲ್ಲಿ ನಡೆಯುವ ಉಳಿದದ್ದೆಲ್ಲ, ಕೋಣಗಳಿಗೆ ಮೈತೊಳೆಯುವವರು, ನೊಗ ಕಟ್ಟುವವರು, ರಾತ್ರಿಯೆಲ್ಲ ಕಾದು ಕುಳಿತ ಊರಿನ ಜನ, ಚಿತ್ರಕ್ಕೆ ಸಿಕ್ಕದೆ ಹೋಗುತ್ತಿದೆ. ಇದಕ್ಕಿಂತಲೂ ಕೆಟ್ಟದ್ದು, ಹಳ್ಳಿಯ ವೃದ್ಧರನ್ನು ಹಣಕೊಟ್ಟು ಹೊಗೆಯ ನಡುವೆ ಕೂರಿಸಿ ತೆಗೆದು, ಅದನ್ನು ಸಹಜ ಜೀವನವೆಂದು ಕಳುಹಿಸುವುದು. ಅಲಂಕರಿಸಿ ತೆಗೆದದ್ದನ್ನು ಅಲಂಕಾರವೆಂದೇ ಹೇಳಿದರೆ ಆಕ್ಷೇಪವಿಲ್ಲ. ಸುಳ್ಳು ಹೇಳಿದಾಗ ಆ ಮುದುಕರ ಮುಖಕ್ಕೂ ಅವಮಾನವಾಗುತ್ತದೆ. ಯಂತ್ರವೇ ಕಲ್ಪಿಸಿಕೊಡುವ ಚಿತ್ರಗಳು ಬಂದಮೇಲೆ ಈ ಎಚ್ಚರ ಇಮ್ಮಡಿಯಾಗಬೇಕಾಗಿದೆ. ಗೆದ್ದ ಚಿತ್ರದ ಮೂಲ ಕಡತವನ್ನು, ಕ್ಯಾಮೆರಾದಿಂದ ಬಂದ ಹಾಗೆಯೇ, ತರಿಸಿ ನೋಡುವ ಪದ್ಧತಿಯನ್ನು ಸಂಘಗಳು ಕಟ್ಟುನಿಟ್ಟಾಗಿ ಪಾಲಿಸಬೇಕು. ಇದರಲ್ಲಿ ಹಿರಿಯ ಸದಸ್ಯರಿಗೂ ರಿಯಾಯಿತಿ ಸಲ್ಲದು.

ಇಷ್ಟೆಲ್ಲ ಬೆಂಗಳೂರಿನಂಥ ಮಹಾನಗರದಲ್ಲಿ ಮಾತ್ರ ಸಾಧ್ಯವೆಂದು ತಿಳಿಯಬೇಕಾಗಿಲ್ಲ. ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕು ಪಟ್ಟಣಗಳಲ್ಲಿ ಒಂದು ಬಿಳಿಯ ಗೋಡೆ, ಶಾಲೆಯವರು ಭಾನುವಾರ ಬಿಟ್ಟುಕೊಡುವ ಒಂದು ಕೋಣೆ, ಎರವಲಿನ ಪ್ರೊಜೆಕ್ಟರು ಇದ್ದರೆ ಆರಂಭಕ್ಕೆ ಸಾಕು. ಮಾತನಾಡಲು ಊರಿನ ಡ್ರಾಯಿಂಗ್ ಮೇಷ್ಟ್ರನ್ನೋ, ಅಂಗಡಿ ಮುಚ್ಚಿದ ಹಳೆಯ ಸ್ಟುಡಿಯೋದ ಯಜಮಾನರನ್ನೋ ಕರೆಯಬಹುದು. ಬೆಳಕನ್ನು ಜೀವಮಾನವೆಲ್ಲ ನೋಡಿದವರು ಅವರು. ಮೊಬೈಲಿನಲ್ಲಿ ತೆಗೆದದ್ದನ್ನೂ ಸಮಾನವಾಗಿ ಸ್ವೀಕರಿಸಬೇಕು, ಹೆಸರನ್ನು ಮರೆಸಬೇಕು, ಒಂದೊಂದು ಚಿತ್ರಕ್ಕೂ ಕೆಲವು ನಿಮಿಷಗಳ ಮಾತನ್ನು ಕಡ್ಡಾಯಮಾಡಬೇಕು. ಮೊದಲ ತಿಂಗಳಿಗೆ ಊರಿನ ಸಂತೆಯನ್ನೇ ವಿಷಯವಾಗಿ ಕೊಡಬಹುದು. ಎರಡನೆಯ ತಿಂಗಳಿಗೆ ಕೆರೆ, ಮೂರನೆಯದಕ್ಕೆ ಊರಿನ ಒಬ್ಬ ಕಸುಬಿನವರು. ಆಯ್ದ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ತೆಗೆದವರ ಹೆಸರು, ಸ್ಥಳ, ದಿನಾಂಕ, ಕಾಣುವ ಮನುಷ್ಯರ ಹೆಸರುಗಳನ್ನು ಪೆನ್ಸಿಲಿನಿಂದ ಬರೆದು ಅಲ್ಲಿಯ ಸಾರ್ವಜನಿಕ ಗ್ರಂಥಾಲಯಕ್ಕೆ ಒಪ್ಪಿಸುವ ಏರ್ಪಾಡನ್ನೂ ಆರಂಭದಿಂದಲೇ ಮಾಡಿಕೊಳ್ಳುವುದು ಮೇಲು. ಶಾಯಿಯಿಂದ ಬರೆದರೆ ಅದು ಕಾಲಕ್ರಮದಲ್ಲಿ ಹರಡಿ ಮುಂಭಾಗಕ್ಕೆ ಇಳಿಯುವ ಭಯವುಂಟು.